ಸೂರಿನ ಗಟರ್ ಕೆಲಸ: ಹಿಂಬದಿ ಮುಗಿಯಿತು, ಮುಂಬದಿ ಬಾಕಿ

ಛಾವಣಿಯ ಮಳೆನೀರನ್ನು ಅಂಚಿನಲ್ಲಿ ಹಿಡಿಯುವ ದೋಣಿಯೇ ಗಟರ್. ಹಿಂಬದಿ ಸೂರಿನ ಹಳೆಯ ಗಟರನ್ನು ಇಳಿಸಿದ್ದಾಯಿತು. 100 ಮಿ.ಮೀ. ಅಗಲದ ಅರ್ಧವೃತ್ತಾಕಾರದ ತಗಡು, ಒಂದು ತುದಿಯಲ್ಲಿ ನೀರನ್ನು ಕೆಳಗಿಳಿಸುವ 75 ಮಿ.ಮೀ. ಡೌನ್‌ಪೈಪ್. ಜೋರು ಮಳೆ ಬಂದಾಗಲೆಲ್ಲ ಅದು ಉಕ್ಕುತ್ತಿದ್ದದ್ದು ಪೈಪಿನ ಬಳಿ ಅಲ್ಲ, ಅದಕ್ಕೆ ದೂರವಾದ ಮುಚ್ಚಿದ ತುದಿಯಲ್ಲಿ. ಅದೇ ಹೊತ್ತಿನಲ್ಲಿ ಪೈಪಿಗೆ ಕಿವಿಗೊಟ್ಟರೆ ಗಾಳಿಯೇ ಹೆಚ್ಚಿರುವ ಟೊಳ್ಳು ಸದ್ದು. ಪೈಪಿನಲ್ಲಿ ಬೇಕಾದಷ್ಟು ಜಾಗವಿತ್ತು, ನೀರು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಹಾಗಾಗಿ ‘ದಪ್ಪ ಪೈಪ್ ಹಾಕಿಸಿಬಿಡಿ’ ಎಂದು ಎಲ್ಲರೂ ಕೊಡುವ ಸಲಹೆಯನ್ನು ಪಕ್ಕಕ್ಕಿಟ್ಟು ಲೆಕ್ಕಕ್ಕೆ ಕುಳಿತೆ.

ಮೊದಲು ನೀರೆಷ್ಟು ಎಂಬುದು. ಸೂರಿನ ಉದ್ದ 10 ಮೀಟರ್. ನೆತ್ತಿಯಿಂದ ಸೂರಿನವರೆಗೆ ನೆಲದ ಮೇಲಿನ ಅಡ್ಡ ಅಳತೆ 5 ಮೀಟರ್, ಏರು 2.4 ಮೀಟರ್. ಮಳೆ ನೇರವಾಗಿ ಬೀಳುವುದಾದರೆ 50 ಚದರ ಮೀಟರ್ ಸಾಕು. ಆದರೆ ಗಾಳಿ ಇಳಿಜಾರಿಗೆ ಎದುರಾಗಿ ಬೀಸಿದರೆ ಅದೇ ಛಾವಣಿ ಹೆಚ್ಚು ಮಳೆ ಹಿಡಿಯುತ್ತದೆ. ಅದಕ್ಕಾಗಿ ಏರಿನ ಅರ್ಧವನ್ನು ಅಡ್ಡ ಅಳತೆಗೆ ಸೇರಿಸುವುದು ವಾಡಿಕೆ: 5ಕ್ಕೆ 1.2 ಕೂಡಿಸಿ 10ರಿಂದ ಗುಣಿಸಿದರೆ 62 ಚದರ ಮೀಟರ್.

ಇನ್ನು ಮಳೆಯ ಬಿರುಸು. ದಿನಕ್ಕೆ ಎಷ್ಟು ಮಿಲಿಮೀಟರ್ ಸುರಿಯಿತು ಎಂಬ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗಟರಿಗೆ ದಿನವಿಡೀ ಸುರಿಯುವ ಮಳೆ ಸಮಸ್ಯೆಯೇ ಅಲ್ಲ, ಐದು ನಿಮಿಷದ ಆರ್ಭಟ ಮಾತ್ರ ಸಮಸ್ಯೆ. ನಾನು ಇಟ್ಟುಕೊಂಡ ಅಂಕಿ ಗಂಟೆಗೆ 150 ಮಿ.ಮೀ. ಕೇಳಲು ಅತಿಯೆನಿಸುತ್ತದೆ, ಆದರೆ ಐದು ನಿಮಿಷಕ್ಕೆ ಅದು 12.5 ಮಿ.ಮೀ. ಮಾತ್ರ. ನೇರ ಗೋಡೆಯ ಗಾಜಿನ ಜಾಡಿಯೊಂದನ್ನು ಬಯಲಲ್ಲಿಟ್ಟು, ನಾಲ್ಕು ನಿಮಿಷದಲ್ಲಿ ನೀರು ಒಂದು ಸೆಂಟಿಮೀಟರ್ ಏರಿದರೆ ಅದೇ ಬಿರುಸು ಎಂದು ತಿಳಿಯಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಆ ಲೆಕ್ಕದಲ್ಲಿ ನನ್ನ ಸೂರಿಗೆ ಗಂಟೆಗೆ 9,300 ಲೀಟರ್, ಅಂದರೆ ಸೆಕೆಂಡಿಗೆ 2.58 ಲೀಟರ್ ಬರುತ್ತದೆ.

ಗಟರಿನ ಸಾಮರ್ಥ್ಯಕ್ಕೆ ಛಾವಣಿಯ ನೀರು ಹರಿಸುವ ಬಗೆಗಿನ ಯುರೋಪಿನ ಇಎನ್ 12056-3 ಮಾನಕದ ಸೂತ್ರ ಹಿಡಿದೆ: ಚದರ ಮಿ.ಮೀ.ನಲ್ಲಿರುವ ಅಡ್ಡಛೇದದ ವಿಸ್ತೀರ್ಣವನ್ನು 1.25ರ ಘಾತಕ್ಕೇರಿಸಿ 0.0000278ರಿಂದ ಗುಣಿಸುವುದು, ಸುರಕ್ಷತೆಗೆ ಅದರ ಶೇ. 90 ಮಾತ್ರ ಹಿಡಿಯುವುದು. 100 ಮಿ.ಮೀ. ಗಟರಿಗೆ ಸಿಕ್ಕಿದ್ದು ಸೆಕೆಂಡಿಗೆ 0.78 ಲೀಟರ್, 125ಕ್ಕೆ 1.36, 150ಕ್ಕೆ 2.14. ಅಗಲ ಒಂದೂವರೆ ಪಟ್ಟಾದರೆ ಸಾಮರ್ಥ್ಯ ಹೆಚ್ಚುಕಡಿಮೆ ಮುಪ್ಪಟ್ಟಾಗುತ್ತದೆ. ಹಳೆಯ ಗಟರ್ ತಾಳಬೇಕಾದ ನೀರಿನ ಮೂರನೇ ಒಂದು ಭಾಗವನ್ನೂ ತಾಳುವಂತಿರಲಿಲ್ಲ, ಉಕ್ಕದೆ ಇನ್ನೇನು ಮಾಡೀತು!

ಗಟರಿನಿಂದ ಪೈಪಿಗೆ ನೀರಿಳಿಯುವ ತೂತು, ಅಂದರೆ ಬಾಯಿ, ತುದಿಯಲ್ಲೇ ಉಳಿದರೆ 150 ಕೂಡ ಸಾಲುವುದಿಲ್ಲ. ಅದೇ ಬಾಯಿಯನ್ನು ನಡುವಿಗೆ ತಂದರೆ ಎರಡೂ ಕಡೆಯಿಂದ ತಲಾ 1.29 ಲೀಟರ್ ಬರುತ್ತದೆ, ಆಗ 125 ಮಿ.ಮೀ. ಗಟರೇ ಪಾಸು! ಒಂದು ಗುಲಗಂಜಿಯಷ್ಟೂ ತಗಡು ಹೆಚ್ಚು ಖರ್ಚಾಗದೆ, ತೂತಿನ ಜಾಗ ಬದಲಿಸಿದ್ದರಿಂದಷ್ಟೇ ಸಿಗುವ ಲಾಭ ಇದು. ಇದನ್ನು ಕಾಗದದ ಮೇಲೆ ನಂಬಲು ಮನಸ್ಸು ಒಪ್ಪಲಿಲ್ಲ. 125ರ ಐದು ಮೀಟರ್ ತುಂಡನ್ನು ಬಡಗಿಯ ಆಸರೆ ಕುದುರೆಗಳ ಮೇಲೆ ಮಟ್ಟಸವಾಗಿ ಕೂರಿಸಿದೆ. ಉದ್ದಕ್ಕೂ ತೂತು ಕೊರೆದ ಪೈಪನ್ನು ಮೇಲೆ ಕಟ್ಟಿ ಡ್ರಮ್ಮಿನಿಂದ ನೀರು ಬಿಟ್ಟೆ. ಹರಿವು 15 ಲೀಟರ್ ಬಕೆಟ್ ಹನ್ನೆರಡು ಸೆಕೆಂಡಿಗೆ ತುಂಬುವಷ್ಟು. ಬಾಯಿಯ ಬಳಿ ನೀರಿನ ಆಳ ಮೂರೂವರೆ ಸೆಂಟಿಮೀಟರ್ ಇರಲಿಲ್ಲ, ಮುಚ್ಚಿದ ತುದಿಯಲ್ಲಿ ಮಾತ್ರ ಅಂಚಿಗೆ ಬೆರಳಗಲದ ಅಂತರವೂ ಉಳಿಯಲಿಲ್ಲ. ಗಟರಿನಲ್ಲಿ ನೀರಿನ ಮೈ ಸಮತಟ್ಟಾಗಿರುವುದಿಲ್ಲ, ಹೊರಹೋಗುವ ದಾರಿಯ ಕಡೆಗೆ ತಗ್ಗಿರುತ್ತದೆ. ಹಳೆಯದು ದೂರದ ತುದಿಯಲ್ಲೇ ಉಕ್ಕುತ್ತಿದ್ದದ್ದಕ್ಕೆ ಕಾರಣ ಕಣ್ಣೆದುರೇ ಕಾಣಿಸಿತು. ಲೆಕ್ಕ ಸರಿಯೇ, ಆದರೆ ಒಂದು ಹಿಡಿ ಎಲೆ ಬಿದ್ದರೂ ಆ ಅಂತರ ಮಾಯ. 150ನ್ನೇ ಹಾಕುವುದೆಂದು ತೀರ್ಮಾನಿಸಿದೆ.

ಇಡೀ ಕೆಲಸದಲ್ಲಿ ಹೆಚ್ಚು ತಲೆ ತಿಂದದ್ದು ಬಾಯಿ. ಲಂಬವಾದ 75 ಮಿ.ಮೀ. ಪೈಪ್ ಮೂರನೇ ಒಂದು ಭಾಗ ತುಂಬಿ ಹರಿದರೂ ಸೆಕೆಂಡಿಗೆ 5 ಲೀಟರ್ ಇಳಿಸುತ್ತದೆ, 100ರದ್ದು ಸುಮಾರು 10.7. ಆದರೆ ಆ ನೀರು ಪೈಪಿನೊಳಕ್ಕೆ ಹೋಗಬೇಕಲ್ಲ? ಗಟರಿನ ತಳದ ತೂತಿನ ಸುತ್ತ ನೀರು 30 ಮಿ.ಮೀ. ಆಳವಿದ್ದಾಗ 75ರ ಬಾಯಿ ನುಂಗುವುದು 1.6 ಲೀಟರ್, 100ರ ಬಾಯಿ 2.2. ಎರಡೂ ನನ್ನ 2.58ಕ್ಕೆ ಕಡಿಮೆ. ಕಸ ತಡೆಯುವ ಜಾಲರಿ ಕೂರಿಸಿದರೆ ಇದರಲ್ಲೂ ಅರ್ಧ ಎಂದೇ ಹಿಡಿಯಬೇಕು. ಪರಿಹಾರ ಸುಲಭದ್ದು: ಬಾಯಿಯ ಕೆಳಗೆ 50 ಮಿ.ಮೀ. ಆಳದ ಪೆಟ್ಟಿಗೆ. ತೂತಿನ ಮೇಲಿನ ನೀರಿನ ಎತ್ತರ 80 ಮಿ.ಮೀ. ಆಗುತ್ತದೆ. ಆಗ 75ರ ಬಾಯಿಗೆ 3.35 ಲೀಟರ್ ಸಾಮರ್ಥ್ಯ ಬಂದರೂ ಜಾಲರಿ ಇಟ್ಟೊಡನೆ 1.7ಕ್ಕೆ ಇಳಿಯುತ್ತದೆ. 100ರದ್ದಾದರೆ ಜಾಲರಿ ಸಹಿತ 2.98. ಕೊನೆಗೂ 100ರ ಪೈಪನ್ನೇ ಹಾಕಿದೆ. ಸಲಹೆ ಕೊಟ್ಟವರು ಬೀಗಬಹುದು, ಆದರೆ ನನಗೆ ಬೇಕಾಗಿದ್ದದ್ದು ಅದರ ಬಾಯಿ, ಹೊಟ್ಟೆಯಲ್ಲ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಂಬಿದ 150ರ ಗಟರಿನಲ್ಲಿ ನೀರೇ ಮೀಟರಿಗೆ ಸುಮಾರು ಒಂಬತ್ತು ಕಿಲೋ ತೂಗುತ್ತದೆ, ಹಾಗಾಗಿ 60 ಸೆಂಟಿಮೀಟರಿಗೊಂದು ಬ್ರ್ಯಾಕೆಟ್. ಎರಡೂ ತುದಿಯಿಂದ ನಡುವಿನ ಕಡೆಗೆ 350ಕ್ಕೆ 1ರ ಇಳಿಜಾರು, ಅಂದರೆ ಐದು ಮೀಟರಿಗೆ 14 ಮಿ.ಮೀ. ಇಷ್ಟು ಸಣ್ಣ ವ್ಯತ್ಯಾಸವನ್ನು ಅಷ್ಟು ಉದ್ದಕ್ಕೆ ಹಿಡಿಯಲು ರಸಮಟ್ಟಕ್ಕಿಂತ ನೀರು ತುಂಬಿದ ಪಾರದರ್ಶಕ ಪೈಪೇ ವಾಸಿ. ಗಟರಿನ ಹೊರ ಅಂಚನ್ನು ಒಳ ಅಂಚಿಗಿಂತ ಒಂದು ಸೆಂಟಿಮೀಟರ್ ತಗ್ಗಿಸಿದ್ದೇನೆ. ಎಂದಾದರೂ ಉಕ್ಕಿದರೆ ನೀರು ಗೋಡೆಯ ಕಡೆ ಬಾರದೆ ಹೊರಗೆ ಬೀಳಲಿ ಎಂದು.

ಗಟರ್ ಏರಿಸಿದ ಮೇಲೆ ಒಂದು ಒಳ್ಳೆಯ ಮಳೆ ಬಂತು. ಜಾಡಿಯಲ್ಲಿ ಐದು ನಿಮಿಷಕ್ಕೆ 8 ಮಿ.ಮೀ., ಅಂದರೆ ಗಂಟೆಗೆ 96ರ ಬಿರುಸು. ತುದಿಯ ಮುಚ್ಚಳದ ಒಳಮೈಗೆ ಮೊದಲೇ ಸೀಮೆಸುಣ್ಣ ಉಜ್ಜಿಟ್ಟಿದ್ದೆ. ಏಣಿ ಹತ್ತಿ ನೋಡಿದರೆ ತಳದಿಂದ ಸುಮಾರು 35 ಮಿ.ಮೀ. ಎತ್ತರಕ್ಕೆ ತೊಳೆದುಹೋಗಿತ್ತು, ಅದರ ಮೇಲೆ ಹನಿ ಸಿಡಿದ ಚುಕ್ಕೆಗಳು. ಗಟರಿನ ಆಳ 75, ಅರ್ಧಕ್ಕೂ ನೀರು ಬಂದಿಲ್ಲ.

ಮುಂಬದಿಯ ಲೆಕ್ಕ ಇಷ್ಟು ನೇರವಲ್ಲ. ಅಲ್ಲಿ ಮೇಲಿನ ಛಾವಣಿಯ ಪೈಪ್ ಕೆಳಗಿನ ಶೆಡ್ಡಿನ ಶೀಟಿನ ಮೇಲೆ ನೀರು ಬಿಡುತ್ತದೆ. ಶೆಡ್ಡಿನ ಗಟರಿಗೆ ಮೇಲಿನ ಛಾವಣಿಯ ವಿಸ್ತೀರ್ಣವನ್ನೂ ಸೇರಿಸಬೇಕು, ಅದೂ ಉದ್ದಕ್ಕೂ ಹರಡಿಕೊಂಡು ಬರುವ ನೀರಲ್ಲ, ಒಂದೇ ಜಾಗಕ್ಕೆ ಧುಮುಕುವ ನೀರು. ಶೆಡ್ಡಿನ ಗಟರ್ ದೊಡ್ಡದು ಮಾಡುವುದಕ್ಕಿಂತ ಆ ಪೈಪನ್ನು ಗೋಡೆಗುಂಟ ನೇರ ನೆಲಕ್ಕೆ ಇಳಿಸುವುದೇ ಮೇಲು ಎಂದುಕೊಂಡಿದ್ದೇನೆ. ಕಿಟಕಿಯ ಸಜ್ಜಾ ಅಡ್ಡ ಬರುವುದರಿಂದ ಎರಡು ಬೆಂಡ್ ಹಾಕಬೇಕಾಗುತ್ತದೆ. ಕಸ ಕಟ್ಟಿಕೊಂಡರೆ ತೆಗೆಯಲು ಅವುಗಳ ಮೇಲೊಂದು ಬಿಚ್ಚುವ ಮುಚ್ಚಳವೂ ಬೇಕು. ಗೋಡೆಯ ಮೇಲೆ ಗುರುತು ಹಾಕಿದ್ದೇನೆ, ಪೈಪ್ ಇನ್ನೂ ಕತ್ತರಿಸಿಲ್ಲ.