ಹದಿನಾಲ್ಕನೇ ದಿನದ ರೈಲು ಮತ್ತು ನೀಲಿ ಡ್ರಮ್ಮು

ಇವತ್ತು ಬೆಳಗಿನ ಐದು ಗಂಟೆ ಹತ್ತು ನಿಮಿಷಕ್ಕೆ ರಾಯಚೂರಿನಲ್ಲಿ 29 ಡಿಗ್ರಿ. ಮೈಸೂರಿನಿಂದ ಮರಳಿದ ಮಾರನೆಯ ದಿನದ ಓಟ, ಅಂದರೆ ಪ್ರತಿ ಸಲವೂ ನನ್ನ ಮರ್ಯಾದೆ ಹೋಗುವ ದಿನ. ಎಂಟು ಕಿಲೋಮೀಟರು ಓಡಿದೆ, ಕಿಲೋಮೀಟರಿಗೆ 6 ನಿಮಿಷ 50 ಸೆಕೆಂಡಿನಂತೆ. ಸರಾಸರಿ ಎದೆಬಡಿತ 149. ಲಾಡ್ಜಿನ ಮೆಟ್ಟಿಲ ಮೇಲೆ ಕುಳಿತು ಗಡಿಯಾರವನ್ನು ಮೂರು ಸಲ ತಿರುಗಿಸಿ ನೋಡಿದೆ. ಹಾಲಿನ ಹುಡುಗ ನನಗೆ ಲಾಟರಿ ಹೊಡೆದಿದೆ ಎಂದುಕೊಂಡಿರಬೇಕು. ಮೇ ಮೊದಲ ವಾರದಲ್ಲಿ ಇದೇ ದಾರಿಯಲ್ಲಿ, ಇದೇ ವೇಗಕ್ಕೆ, ಇದೇ 29 ಡಿಗ್ರಿಯಲ್ಲಿ ಬಂದದ್ದು 167.

ಜನವರಿಯಿಂದ ನನ್ನ ಬದುಕು ಎರಡು ಊರಿಗೆ ಹಂಚಿಹೋಗಿದೆ. ಹದಿನಾಲ್ಕು ದಿನ ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಉಪಕರಣಗಳ ಕ್ಯಾಲಿಬ್ರೇಷನ್, ಅಂದರೆ ಮೀಟರುಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವ ಕೆಲಸ, ವಾಸ ರಾಯಚೂರಿನ ಲಾಡ್ಜಿನಲ್ಲಿ. ಇನ್ನು ಹದಿನಾಲ್ಕು ದಿನ ಮೈಸೂರಿನ ಮನೆಯಲ್ಲಿ ಕುಳಿತು ವರದಿ ಬರೆಯುವುದು. ಹೊಸ ಊರಿನಲ್ಲಿ ದಾರಿ ಹುಡುಕಿಕೊಂಡದ್ದು, ನಾಯಿಗಳೊಡನೆ ಮಾಡಿಕೊಂಡ ಒಪ್ಪಂದ, ಪಾಳಿ ಬದಲಾದ ವಾರ ನಿದ್ದೆ ಹೊಂದಿಸಿಕೊಂಡದ್ದು, ಇವೆಲ್ಲ ಹೊರಗೆ ದುಡಿಯುವ ಪ್ರತಿ ಓಟಗಾರನಿಗೂ ಗೊತ್ತಿರುವ ಪುರಾಣ. ಹಾರುಬೂದಿ ಟ್ಯಾಂಕರುಗಳು ಓಡಾಡುವ ರಸ್ತೆಗೆ ಮಾತ್ರ ಕಾಲಿಡಬೇಡಿ, ಅಷ್ಟು ಸಾಕು. ಫೆಬ್ರವರಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು. ವಾರಕ್ಕೆ ಐದು ಓಟ, ತಪ್ಪಿಸಿದ್ದಿಲ್ಲ.

ಏಪ್ರಿಲ್‌ನಲ್ಲಿ ಕೆಟ್ಟಿತು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ 6:30ರ ವೇಗಕ್ಕೆ 142 ತೋರಿಸುವ ಎದೆ, ರಾಯಚೂರಿನಲ್ಲಿ ಅದಕ್ಕಿಂತ ನಿಧಾನವಾಗಿ ಓಡಿದರೂ 165 ದಾಟುತ್ತಿತ್ತು. ಸುಲಭ ಓಟವೆಂಬ ಹೆಸರಿಟ್ಟುಕೊಂಡು ಇಂಟರ್ವಲ್, ಅಂದರೆ ಬಿಟ್ಟುಬಿಟ್ಟು ಜೋರಾಗಿ ಓಡುವ ತಾಲೀಮು ಮಾಡಿದಂತೆ ಏದುಸಿರು. ನಾಲ್ಕನೇ ಕಿಲೋಮೀಟರಿನ ನಂತರ ಕಾಲು ಒಂದು ಕಡೆ, ಉಸಿರು ಒಂದು ಕಡೆ.

ನನ್ನ ಕಸುಬಿನವರ ಮೊದಲ ಅನುಮಾನ ಯಾವಾಗಲೂ ಮೀಟರಿನ ಮೇಲೆ. ಬಾಯ್ಲರ್ ಬಿಸಿಯಾಗಿದೆ ಎಂದು ಫೋನು ಬಂದರೆ ನಾವು ಮೊದಲು ಕೇಳುವುದು ಥರ್ಮಾಮೀಟರಿನ ಯೋಗಕ್ಷೇಮ. ಮಣಿಕಟ್ಟಿನ ಗಡಿಯಾರಗಳು ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ಎಣಿಸುತ್ತವೆ. ಪಟ್ಟಿ ಸಡಿಲವಾಗಿ ಬೆವರು ನುಗ್ಗಿದರೆ ಹೆಜ್ಜೆಯ ಅಲುಗಾಟವನ್ನೇ ಎದೆಬಡಿತವೆಂದು ತಪ್ಪು ತಿಳಿಯುವುದುಂಟು. ನನ್ನ ಕ್ಯಾಡೆನ್ಸ್, ಅಂದರೆ ಹೆಜ್ಜೆಗಳ ಲೆಕ್ಕ, ನಿಮಿಷಕ್ಕೆ 168. ಗಡಿಯಾರ ತೋರಿಸುತ್ತಿದ್ದ ಬಡಿತ 167, 168. ಕಳ್ಳ ಸಿಕ್ಕಿಬಿದ್ದ ಎಂದು ಕುಣಿದಾಡಿ, ಎದೆಗೇ ಕಟ್ಟಿಕೊಂಡು ಬಡಿತ ಅಳೆಯುವ ಎದೆಪಟ್ಟಿ ತರಿಸಿದೆ.

ತರಿಸಿದೆ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಅನ್ಯಾಯವಾಗುತ್ತದೆ. ರಾಯಚೂರಿನ ವಿಳಾಸಕ್ಕೆ ಹೊರಟ ಪಾರ್ಸೆಲ್ಲು ನಾನು ಮೈಸೂರಿನ ರೈಲು ಹತ್ತಿದ ದಿನ ಬಂತು. ವಿಳಾಸ ಬದಲಿಸಿ ಎಂದು ಬೇಡಿಕೊಂಡೆ. ಅದು ಮೈಸೂರು ತಲುಪುವ ಹೊತ್ತಿಗೆ ನಾನು ರಾಯಚೂರಿನ ರೈಲಿನಲ್ಲಿ ಗುಂತಕಲ್ ದಾಟಿದ್ದೆ. ಒಂದು ದಿನವಂತೂ ಲಾಡ್ಜಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಮೊಬೈಲಿಗೆ ಸಂದೇಶ ಬಂತು: ಗ್ರಾಹಕರು ಲಭ್ಯವಿರಲಿಲ್ಲ. ನನಗೆ ನನ್ನ ಅಸ್ತಿತ್ವದ ಬಗ್ಗೆಯೇ ಸಂಶಯ ಹುಟ್ಟಿತು. ಕೊನೆಗೆ ಪಟ್ಟಿ ಕೈಸೇರಿದಾಗ ಒಳಗಿನ ಬ್ಯಾಟರಿ ಸತ್ತಿತ್ತು. ಪೇಟೆಯಲ್ಲಿ ಐದು ಸಿಆರ್2032 ಸೆಲ್ಲುಗಳ ಪೊಟ್ಟಣ ಕೊಂಡೆ. ಮಲ್ಟಿಮೀಟರ್ ಹಚ್ಚಿ ನೋಡಿದರೆ ಮೂರು ವೋಲ್ಟ್ ಇರಬೇಕಾದ ಸೆಲ್ಲುಗಳಲ್ಲಿ ಮೂರು 2.4ಕ್ಕೆ ಇಳಿದು ಮಲಗಿದ್ದವು. ಅಂಗಡಿಯವರು 'ನಿಮ್ಮ ಮೀಟರ್ ಸರಿ ಇದೆಯೇ' ಎಂದು ಕೇಳಿದರು. ಇಪ್ಪತ್ತು ವರ್ಷದ ವೃತ್ತಿಜೀವನದಲ್ಲಿ ನನಗೆ ಇಂಥ ಅವಮಾನ ಆಗಿರಲಿಲ್ಲ.

ಎದೆಪಟ್ಟಿ ಕಟ್ಟಿಕೊಂಡು ಓಡಿದೆ. 166. ಮೀಟರು ನಿರಪರಾಧಿ, ಬಾಯ್ಲರು ನಿಜವಾಗಿಯೂ ಬಿಸಿಯಾಗಿತ್ತು.

ಎರಡನೇ ಅನುಮಾನ ನೀರಿನದು. ರಾಯಚೂರಿನ ಬಿಸಿಲು ಮಂಗಳೂರಿನದರಂತೆ ಮೈಮೇಲೆ ಹನಿಹನಿಯಾಗಿ ಲೆಕ್ಕ ಕೊಡುವುದಿಲ್ಲ. ಒಣಗಾಳಿ ಬೆವರನ್ನು ಹುಟ್ಟಿದಲ್ಲೇ ಕುಡಿದುಬಿಡುತ್ತದೆ. ಬೆವರಲೇ ಇಲ್ಲವಲ್ಲ ಎಂದುಕೊಂಡು ಕೋಣೆಗೆ ಬಂದು ಕಪ್ಪು ಟೋಪಿ ತೆಗೆದರೆ ಅದರ ಅಂಚಿನ ಸುತ್ತ ಬಿಳಿ ಉಪ್ಪಿನ ಗೆರೆ. ಹಿಂದಿನ ದಿನದ ಗೆರೆಯ ಒಳಗೆ ಇಂದಿನದು, ಕೆರೆ ಬತ್ತಿದಾಗ ದಡದಲ್ಲಿ ಉಳಿಯುವ ಗೆರೆಗಳಂತೆ. ಎಷ್ಟು ಹೋಗುತ್ತಿದೆ ಎಂದು ತಿಳಿಯಲು ತೂಕ ನೋಡಲೇಬೇಕು. ಊಟದ ಮೆಸ್ಸಿನ ಹಿತ್ತಲಲ್ಲಿ ಈರುಳ್ಳಿ ಚೀಲ ತೂಗುವ ಯಂತ್ರವಿದೆ. ಒಂದು ಗಂಟೆಯ ಓಟಕ್ಕೆ ಮುಂಚೆ 68.2 ಕೆಜಿ, ಓಡಿ ಬಂದು ಮೈ ಒರೆಸಿಕೊಂಡು ನಿಂತರೆ 66.9. ದಾರಿಯಲ್ಲಿ ಕುಡಿದ ಮುನ್ನೂರು ಎಂ.ಎಲ್. ಸೇರಿಸಿದರೆ ಗಂಟೆಗೆ ಒಂದೂವರೆ ಲೀಟರಿಗಿಂತ ಚೂರು ಹೆಚ್ಚು. ಮೆಸ್ಸಿನ ಯಜಮಾನರು ನನ್ನನ್ನು ನೋಡಿ, ಚೀಲ ನೋಡಿ, 'ನಮ್ಮ ಈರುಳ್ಳಿಯೂ ಇಷ್ಟು ಬೇಗ ಒಣಗುವುದಿಲ್ಲ' ಎಂದರು. ಅಂದಿನಿಂದ ಜೋಳದ ರೊಟ್ಟಿ, ಪುಂಡಿಪಲ್ಯದ ಜೊತೆ ಒಂದು ದೊಡ್ಡ ಚೊಂಬು ಉಪ್ಪು ಹಾಕಿದ ಮಜ್ಜಿಗೆ ಕೇಳದೆಯೇ ಬರುತ್ತದೆ. ಅದರಿಂದ ತಲೆನೋವು ಹೋಯಿತು, ಸಂಜೆಯ ಸುಸ್ತು ಹೋಯಿತು. ಎದೆಬಡಿತ ಮಾತ್ರ ನಾಲ್ಕೈದು ಅಂಕಿ ಇಳಿದು ಮತ್ತೆ ಹಟ ಹಿಡಿಯಿತು.

ಮೂರು ತಿರುಗಾಟದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದಾಗ ನಿಜವಾದ ಆರೋಪಿ ಕಾಣಿಸಿದ. ರಾಯಚೂರಿಗೆ ಬಂದ ಮಾರನೆಯ ದಿನ 167. ಐದನೇ ದಿನ 162. ಒಂಬತ್ತನೇ ದಿನ 156. ಹನ್ನೆರಡನೇ ದಿನ 151. ಹದಿನಾಲ್ಕನೇ ದಿನ ರೈಲು. ಮುಂದಿನ ಬಾರಿ ಬಂದಾಗ ಮತ್ತೆ 166. ನಾನು ಓಡುವುದರಲ್ಲಿ ಸೋಲುತ್ತಿರಲಿಲ್ಲ, ವೇಳಾಪಟ್ಟಿಯಲ್ಲಿ ಸೋಲುತ್ತಿದ್ದೆ.

ಸೆಕೆಗೆ ಒಗ್ಗುವುದೆಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಎಂದು ನಾನೂ ತಿಳಿದಿದ್ದೆ. ಅದು ಹೆಚ್ಚಾಗಿ ಕೊಳಾಯಿ ಕೆಲಸ. ಬಿಸಿಯಲ್ಲಿ ಓಡುವಾಗ ರಕ್ತ ಕಾಲಿಗೂ ಬೇಕು, ಮೈ ತಣಿಸಲು ಚರ್ಮಕ್ಕೂ ಬೇಕು. ಮೇಲಿಂದ ಬೆವರಾಗಿ ನೀರು ಸೋರಿ ರಕ್ತದ ಪ್ರಮಾಣವೇ ಕಡಿಮೆಯಾಗುತ್ತದೆ. ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಇಳಿದರೆ ಹೃದಯ ಬಡಿತದ ಸಂಖ್ಯೆ ಹೆಚ್ಚಿಸಿ ಸರಿದೂಗಿಸುತ್ತದೆ. ದಿನಾಲೂ ಬಿಸಿ ತಾಗಿದರೆ ಮೊದಲ ಕೆಲವೇ ದಿನಗಳಲ್ಲಿ ರಕ್ತದ ಪ್ಲಾಸ್ಮಾ, ಅಂದರೆ ಅದರ ದ್ರವಭಾಗ, ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಪೂರ್ತಿ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ. ಬಿಸಿ ತಪ್ಪಿದರೆ ಈ ಗಳಿಕೆ ದಿನಕ್ಕೆ ಸುಮಾರು ಎರಡೂವರೆ ಶೇಕಡಾದಂತೆ ಕರಗುತ್ತದೆ. ನಾನಾದರೋ ಇಡೀ ದಿನದ ಅತಿ ತಂಪು ಹೊತ್ತಿನಲ್ಲಿ ಓಡಿ, ಉಳಿದ ಹೊತ್ತು ಕೂಲರಿಗೆ ಮುಖ ಕೊಟ್ಟು ಮಲಗುತ್ತಿದ್ದೆ. ಗಳಿಸುತ್ತಿದ್ದುದೇ ಅರೆಬರೆ. ಅದನ್ನೂ ಚಾಮುಂಡಿ ಬೆಟ್ಟದ ತಂಗಾಳಿಗೆ ಅರ್ಪಿಸಿ, ಖಾಲಿ ಕೈಯಲ್ಲಿ ವಾಪಸಾಗುತ್ತಿದ್ದೆ.

ಹಾಗಾದರೆ ಮೈಸೂರಿನಲ್ಲಿ ಬಿಸಿ ಎಲ್ಲಿಂದ ತರುವುದು? ಮಧ್ಯಾಹ್ನ ಎರಡು ಗಂಟೆಗೆ ಎರಡು ಅಂಗಿ ಹಾಕಿಕೊಂಡು ಓಡಿದೆ. ಪಕ್ಕದ ಮನೆಯವರು ಅಮ್ಮನನ್ನು ಕರೆದು ಮೆಲ್ಲಗೆ ವಿಚಾರಿಸಿದರು. ಅಲ್ಲಿಗೆ ಆ ಪ್ರಯೋಗ ಮುಗಿಯಿತು. ಆಗ ನೆನಪಾದದ್ದು ಬಿಸಿನೀರಿನ ವಿಚಾರ. ಓಡಿ ಬಂದ ತಕ್ಷಣ, ಮೈ ಬಿಸಿ ಇರುವಾಗಲೇ, 40 ಡಿಗ್ರಿ ನೀರಿನಲ್ಲಿ 40 ನಿಮಿಷದವರೆಗೆ ಕುತ್ತಿಗೆ ಮಟ್ಟ ಮುಳುಗಿ ಕೂರುವುದು, ಸತತ ಆರು ದಿನ. ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ, ಸೆಕೆಗೆ ಒಗ್ಗಲು ಇದೂ ಒಂದು ದಾರಿ ಎಂದು ಕಂಡುಕೊಂಡಿದ್ದಾರೆ. ಎಣ್ಣೆಸ್ನಾನದಲ್ಲಿ ಹಂಡೆಯ ಕುದಿನೀರು ಹುಯ್ಯಿಸಿಕೊಂಡು ಬೆಳೆದವನಿಗೆ ಇದೇನು ಮಹಾ ಎಂದುಕೊಂಡೆ. ಆದರೆ ಹುಯ್ದುಕೊಳ್ಳುವುದು ಬೇರೆ, ಮುಳುಗಿ ಕೂರುವುದು ಬೇರೆ. ನಮ್ಮ ಮನೆಯಲ್ಲಿ ಹಂಡೆ ಇದೆ, ಟಬ್ ಇಲ್ಲ.

ಆದ್ದರಿಂದ ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಎತ್ತರ ಮೂರು ಅಡಿಗೆ ಚೂರು ಕಡಿಮೆ, ಅಗಲ ಎರಡು ಅಡಿಗೆ ಚೂರು ಕಡಿಮೆ. ಮೇಲಿನ ಮುಚ್ಚಳ ಪೂರ್ತಿ ತೆಗೆಯುವಂಥದ್ದು. ಹಳೆ ಡ್ರಮ್ಮು ಮಾರುವವರು ಇದರಲ್ಲಿ ಕಿತ್ತಳೆ ಶರಬತ್ತು ಬರುತ್ತಿತ್ತು, ಎರಡು ಸಲ ತೊಳೆದಿದ್ದೇವೆ ಎಂದು ಆಣೆ ಮಾಡಿದರು. ತಣ್ಣಗಿರುವಾಗ ಯಾವ ವಾಸನೆಯೂ ಇರಲಿಲ್ಲ. ಬಿಸಿನೀರು ಬಿದ್ದದ್ದೇ ತಡ, ಇಂಗು, ಸಾಸಿವೆ, ಮೆಂತ್ಯ ಒಂದೊಂದಾಗಿ ಎದ್ದು ಬಂದವು. ಅದು ಉಪ್ಪಿನಕಾಯಿ ಡ್ರಮ್ಮು. ಸೋಡಾಪುಡಿ ಹಾಕಿ ಉಜ್ಜಿದೆ, ಬಿಸಿಲಿಗಿಟ್ಟೆ. ಇವತ್ತಿಗೂ ನನ್ನ ಟವೆಲಿನಲ್ಲಿ ಮಾವಿನಕಾಯಿ ಹೋಳಿನ ನೆನಪಿದೆ. ಅಮ್ಮ ಫೋನಿನಲ್ಲಿ ಅಕ್ಕನಿಗೆ, 'ಇವನು ಊರಿಗೆ ಬಂದರೆ ಭರಣಿಯಲ್ಲಿ ಕೂರುತ್ತಾನೆ' ಎನ್ನುವುದು ಕೇಳಿಸಿತು.

ಮೊದಲ ದಿನ 150 ಲೀಟರ್ ತುಂಬಿಸಿ ಇಳಿದೆ. ಹೈಸ್ಕೂಲಿನಲ್ಲಿ ಆರ್ಕಿಮಿಡೀಸ್ ತತ್ವಕ್ಕೆ ಪೂರ್ತಿ ಅಂಕ ಪಡೆದವನು ನಾನು. ಬಚ್ಚಲಿನ ನೀರು ಹೊಸ್ತಿಲು ದಾಟಿ ಅಡುಗೆಮನೆಗೆ ಹೋಯಿತು. ಸರಿಯಾದ ಪ್ರಮಾಣ 110 ಲೀಟರ್. 25 ಡಿಗ್ರಿಯಿಂದ 40ಕ್ಕೆ ಏರಿಸಲು ಎರಡು ಯೂನಿಟ್ ವಿದ್ಯುತ್ ಸಾಕಾಗುತ್ತದೆ, ಆದರೆ ನಮ್ಮ ಗೀಸರು ಸಣ್ಣದು. ಒಲೆಗೆ ತೆಂಗಿನ ಚಿಪ್ಪು ಹಾಕಿ ಹಂಡೆಯಲ್ಲಿ ಕಾಯಿಸಿ ಬೆರೆಸುವುದೇ ವಾಸಿ. ನಿಜವಾದ ತಲೆನೋವು ಶಾಖ ಉಳಿಸುವುದು. ನನ್ನ ಚೀಲದಲ್ಲಿದ್ದ, ಶಾಖ ಅಳೆಯುವ ಪಿಟಿ100 ಸೆನ್ಸರನ್ನು ಡ್ರಮ್ಮಿಗೆ ಇಳಿಬಿಟ್ಟೆ. ಹತ್ತು ನಿಮಿಷಕ್ಕೆ 38.6ಕ್ಕೆ ಇಳಿಯುತ್ತಿತ್ತು. ಪಕ್ಕದ ಬಕೆಟಿನಿಂದ ಚೊಂಬಿನಲ್ಲಿ ಬಿಸಿನೀರು ಸೇರಿಸುತ್ತ, ಅಷ್ಟೇ ನೀರು ಹೊರಗೆ ಚೆಲ್ಲುತ್ತ ಕೂರಬೇಕು. ಡ್ರಮ್ಮಿನ ಸುತ್ತ ಹಳೇ ಕಂಬಳಿ ಕಟ್ಟಿದ ಮೇಲೆ ಇಳಿತ ಅರ್ಧವಾಯಿತು. ಕೆಲಸದ ಜಾಗದಲ್ಲಿ ನಾನು ಒಂದು ಡಿಗ್ರಿಯ ಹತ್ತನೇ ಒಂದು ಪಾಲಿಗೆ ಜಗಳವಾಡುವವನು. ಇಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಸೆನ್ಸರಿನ ಅಂಕಿ ತೋರಿಸುವ ಇಂಡಿಕೇಟರು ಹಿಡಿದು ಅರ್ಧ ಡಿಗ್ರಿಗೆ ಒಪ್ಪಿಕೊಂಡೆ.

ಎರಡನೇ ದಿನ ಇಪ್ಪತ್ತು ನಿಮಿಷ ಕೂತು ಥಟ್ಟನೆ ಎದ್ದೆ. ಕಣ್ಣಿಗೆ ಕತ್ತಲು ಕಟ್ಟಿತು. ಟವೆಲಿನ ಸರಳು ಹಿಡಿದೆ. ಅದು ಗೋಡೆಯ ಗಾರೆ ಸಮೇತ ಕೈಗೆ ಬಂತು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿರುತ್ತವೆ, ಎದ್ದೊಡನೆ ರಕ್ತದೊತ್ತಡ ಬೀಳುತ್ತದೆ. ಗೊತ್ತಿದ್ದೂ ಮಾಡಿದ ತಪ್ಪು. ಅಂದಿನಿಂದ ಬಾಗಿಲಿಗೆ ಚಿಲಕವಿಲ್ಲ, ಹೊರಗೆ ಅಮ್ಮನ ಕುರ್ಚಿ. ಕೈಕಾಲು ಒಂದೊಂದಾಗಿ ಹೊರಗೆ ಹಾಕಿ, ಡ್ರಮ್ಮಿನ ಪಕ್ಕ ಇಟ್ಟ ಸ್ಟೂಲಿನ ಮೇಲೆ ಐದು ನಿಮಿಷ ಕೂತು, ಆಮೇಲೆ ಏಳುವುದು. ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರು, ಒಬ್ಬರೇ ಇರುವವರು ಇದರ ತಂಟೆಗೆ ಬರಲೇಬೇಡಿ. ಹದಿನೈದು ನಿಮಿಷದಿಂದ ಶುರುಮಾಡಿದವನು ಆರನೇ ದಿನಕ್ಕೆ ಮೂವತ್ತೈದು ಮುಟ್ಟಿದೆ. ನಲವತ್ತು ಆಗಲಿಲ್ಲ. ಮೊಣಕಾಲು ಒಪ್ಪಲಿಲ್ಲ.

ಏಳನೇ ದಿನ ರೈಲು ಹತ್ತಿದೆ. ಮಾರನೆಯ ಬೆಳಗಿನ ಕಥೆ ಮೇಲೆಯೇ ಹೇಳಿದೆ. ಒಂದೇ ಓಟದ ಅಂಕಿ ನೋಡಿ ನಾನು ಯಾವ ಉಪಕರಣಕ್ಕೂ ಸರ್ಟಿಫಿಕೇಟ್ ಬರೆದುಕೊಟ್ಟಿಲ್ಲ, ನನಗೂ ಬರೆದುಕೊಳ್ಳುವುದಿಲ್ಲ. ಮಜ್ಜಿಗೆಯ ಪಾಲು ಎಷ್ಟು, ಡ್ರಮ್ಮಿನ ಪಾಲು ಎಷ್ಟು ಎಂದು ಬೇರ್ಪಡಿಸಲೂ ಆಗದು. ಮಳೆ ಶುರುವಾಗಿಬಿಟ್ಟರೆ ಹೋಲಿಕೆಯೇ ಕೆಡುತ್ತದೆ. ಆದರೆ ಹದಿನೆಂಟು ಬಡಿತ ಸಣ್ಣ ಮಾತಲ್ಲ. ಕೋಟೆಯ ಗೋಡೆಯ ಪಕ್ಕ ಓಡುವಾಗ ಮೊದಲ ಬಾರಿಗೆ ತಲೆ ಎತ್ತಿ ನೋಡುವಷ್ಟು ಉಸಿರು ಉಳಿದಿತ್ತು. 1294ರ ಶಾಸನದ ಆ ಉದ್ದನೆಯ ಬಂಡೆಯನ್ನು ಕೋಣಗಳು ಬಂಡಿಯಲ್ಲಿ ಎಳೆದು ತರುವ ಚಿತ್ರವನ್ನು ಅಲ್ಲೇ ಕೊರೆದಿದ್ದಾರೆ. ಅವುಗಳಿಗೆ ಯಾವ ತಿಂಗಳಲ್ಲಿ ಆ ಕೆಲಸ ಹಚ್ಚಿದರೋ ಪಾಪ.

ಉಸಿರು ಉಳಿದರೆ ತಲೆಗೆ ಹುಳ ಹೊಕ್ಕುವುದು ಸಹಜ. ರಾಯಚೂರಿನಿಂದ ಮಂತ್ರಾಲಯಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರು, ಮ್ಯಾರಥಾನಿಗೆ ತೀರ ಹತ್ತಿರ. ಭಕ್ತರು ನಡೆದೇ ಹೋಗುವ ದಾರಿ. ಶ್ರಾವಣದ ಆರಾಧನೆಯ ಗದ್ದಲ ಮುಗಿದ ಮೇಲೆ ಒಂದು ರಾತ್ರಿ ಹನ್ನೊಂದಕ್ಕೆ ಹೊರಟು, ತುಂಗಭದ್ರಾ ಸೇತುವೆಯನ್ನು ಬೆಳಕು ಹರಿಯುವ ಮುಂಚೆ ದಾಟುವುದು ಯೋಜನೆ. ಮೆಸ್ಸಿನ ಯಜಮಾನರು ಬೈಕಿನಲ್ಲಿ ಮಜ್ಜಿಗೆ ಹಿಡಿದು ಹಿಂದೆ ಬರಲು ಒಪ್ಪಿದ್ದಾರೆ. ಅವರಿಗೆ ದರ್ಶನದ ಪುಣ್ಯ, ನನಗೆ ಸರಬರಾಜು. ತಲೆದೀಪ ತರಿಸಬೇಕು. ಯಾವ ಊರಿನ ವಿಳಾಸ ಕೊಡುವುದೆಂದು ಇನ್ನೂ ತೀರ್ಮಾನಿಸಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಅಮ್ಮನ ಫೋನು. ಮಾವಿನಕಾಯಿ ಅಗ್ಗಕ್ಕೆ ಸಿಕ್ಕಿತಂತೆ, ಡ್ರಮ್ಮು ಹೇಗೂ ಪಳಗಿದೆಯಲ್ಲ ಎಂದು ಅರ್ಧದವರೆಗೆ ಉಪ್ಪು ಹಾಕಿಟ್ಟಿದ್ದಾರಂತೆ. ನಾನು ಕೂತು ಎದ್ದ ಡ್ರಮ್ಮು ಅದು ಎಂದು ನೆನಪಿಸಿದೆ. 'ಚೆನ್ನಾಗಿ ತೊಳೆದಿದ್ದೇನೆ, ಎರಡು ಸಲ' ಎಂದರು.