ಒಂದೇ ಗೇಟ್‌ವೇಗೆ ಎರಡು ಹೆಸರು: ಕನ್ನಡ ಲೇಬಲ್‌ಗಳ ಡಿಎನ್‌ಎಸ್ ಪರೀಕ್ಷೆ, ಮೂರನೇ ಕಂತು

ಮನೆಯ ನೆಟ್‌ವರ್ಕ್‌ನಲ್ಲಿರುವ ಸಾಧನಗಳಿಗೆಲ್ಲ ಕನ್ನಡದಲ್ಲೇ ಹೆಸರಿಡುವುದು ಈ ಪ್ರಾಜೆಕ್ಟ್. ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿ ಕೊಡುವ ವ್ಯವಸ್ಥೆಯೇ ಡಿಎನ್‌ಎಸ್, ಹೆಸರಿನಲ್ಲಿ ಚುಕ್ಕೆಗಳ ನಡುವಿನ ಒಂದೊಂದು ತುಂಡು ಲೇಬಲ್. ಹಿಂದಿನ ಎರಡು ಕಂತುಗಳಲ್ಲಿ ಆದದ್ದಿಷ್ಟು: 2 ಜಿಬಿ ರಾಸ್ಪ್‌ಬೆರಿ ಪೈ 4 ಮೇಲೆ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿ) ಟೆಕ್ನಿಟಿಯಮ್ ಡಿಎನ್‌ಎಸ್ ಸರ್ವರ್, ವಿಳಾಸ 192.168.1.53, ಅದರಲ್ಲಿ ಹೋಮ್.ಆರ್ಪಾ ಎಂಬ ಪ್ರೈಮರಿ ಝೋನ್, ಅಂದರೆ ನಮ್ಮ ಹೆಸರುಗಳ ಮೂಲ ಪಟ್ಟಿ. ತೆರೆದಿರುವ ಪೋರ್ಟ್‌ಗಳು ಯುಡಿಪಿ ಮತ್ತು ಟಿಸಿಪಿ 53, ವೆಬ್ ಕನ್ಸೋಲ್‌ಗೆ ಟಿಸಿಪಿ 5380. ಕಂಟೇನರ್ ಏಳದೆ 53 ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಸಾಮಾನ್ಯವಾಗಿ ಲಿನಕ್ಸ್‌ನದೇ ಹೆಸರು ಹುಡುಕುವ ಸೇವೆ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಅದನ್ನು ಹಿಡಿದಿರುತ್ತದೆ. ಅದರ ಕಾನ್ಫಿಗ್‌ನಲ್ಲಿ ಸ್ಟಬ್ ಲಿಸನರ್‌ಗೆ 'ನೋ' ಕೊಟ್ಟು ರೀಸ್ಟಾರ್ಟ್ ಮಾಡಿದರೆ ಮುಗಿಯಿತು.

ಹೋಮ್.ಆರ್ಪಾ ಯಾಕೆ ಎಂದರೆ, 2018ರ ಆರ್‌ಎಫ್‌ಸಿ 8375 (ಇಂಟರ್‌ನೆಟ್ ನಿಯಮಗಳ ದಾಖಲೆ) ಮನೆಬಳಕೆಗೆಂದೇ ಮೀಸಲಿಟ್ಟ ಹೆಸರು ಅದು. ಡಾಟ್ ಲೋಕಲ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಎಂಡಿಎನ್‌ಎಸ್‌ನ (ಸರ್ವರ್ ಇಲ್ಲದೆ ಸಾಧನಗಳು ಪರಸ್ಪರ ಹೆಸರು ಕೇಳಿಕೊಳ್ಳುವ ಪದ್ಧತಿಯ) ಪಾಲು, ಅಲ್ಲಿ ಕನ್ನಡ ನೇರವಾಗಿ ಯುಟಿಎಫ್-8 ಬೈಟ್‌ಗಳಾಗಿಯೇ ಹೋಗುತ್ತದೆ. ಮಾಮೂಲಿ ಡಿಎನ್‌ಎಸ್‌ನಲ್ಲಿ ಹಾಗಲ್ಲ, ಪ್ಯೂನಿಕೋಡ್‌ಗೆ, ಅಂದರೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ರೂಪಕ್ಕೆ, ಇಳಿಸಿ ಮುಂದೆ 'ಎಕ್ಸ್ ಎನ್' ಮತ್ತು ಎರಡು ಗೀಟು ಹಚ್ಚಿ ಕಳಿಸಬೇಕು. ಈ ಕಂತಿನ ತಲೆನೋವೆಲ್ಲ ಈ ಇಳಿಸುವ ಕೆಲಸದ್ದೇ.

ಕನ್ಸೋಲ್‌ನಲ್ಲಿ ಮೊದಲ ಸುತ್ತು

ಡಿಎನ್‌ಎಸ್ ಕ್ಲೈಂಟ್ ಟ್ಯಾಬ್ ತೆರೆದು, ಸರ್ವರ್ ಜಾಗದಲ್ಲಿ 'ದಿಸ್ ಸರ್ವರ್', ಟೈಪ್ 'ಎ' (ಹೆಸರಿಗೆ ಐಪಿವಿ4 ವಿಳಾಸ ಕೊಡುವ ರೆಕಾರ್ಡ್), ಪ್ರೋಟೋಕಾಲ್ ಯುಡಿಪಿ ಇಟ್ಟು, ಡೊಮೇನ್ ಜಾಗಕ್ಕೆ ಪ್ಯೂನಿಕೋಡ್ ರೂಪವನ್ನೇ ಹಾಕಿ ರಿಸಾಲ್ವ್ ಒತ್ತಬೇಕು. ಕನ್ನಡದಲ್ಲೇ ಟೈಪ್ ಮಾಡಿದರೆ ಪರಿವರ್ತಿಸಿದ್ದು ಬ್ರೌಸರೋ ಸರ್ವರೋ ಎಂಬ ಅನುಮಾನ ಉಳಿದುಬಿಡುತ್ತದೆ. ಪರೀಕ್ಷೆಯಲ್ಲಿ ಆ ಅನುಮಾನ ಬೇಡ.

ಉತ್ತರ ಉದ್ದನೆಯ ಜೇಸನ್. ಅದರಲ್ಲಿ ಮೊದಲು ನೋಡಬೇಕಾದ್ದು ಆರ್‌ಕೋಡ್ (ಉತ್ತರದ ಸ್ಥಿತಿ) ಮತ್ತು ಅಥಾರಿಟೇಟಿವ್ ಆನ್ಸರ್. ಆರ್‌ಕೋಡ್ 'ನೋ ಎರರ್', ಇನ್ನೊಂದು 'ಟ್ರೂ' ಇದ್ದರೆ ಉತ್ತರ ನಮ್ಮ ಝೋನ್‌ನಿಂದಲೇ ಬಂದಿದೆ. 'ಎನ್‌ಎಕ್ಸ್ ಡೊಮೇನ್' (ಅಂಥ ಹೆಸರಿಲ್ಲ) ಬಂತೆಂದು ತಕ್ಷಣ ರೆಕಾರ್ಡ್ ಹುಡುಕಲು ಹೊರಡಬೇಡಿ, ಕೆಳಗೆ ಅಥಾರಿಟಿ ಭಾಗದಲ್ಲಿರುವ ಎಸ್‌ಒಎ (ಝೋನ್‌ನ ಒಡೆತನ ಹೇಳುವ ರೆಕಾರ್ಡ್) ಯಾರದ್ದೆಂದು ನೋಡಿ. ನಮ್ಮದಾದರೆ ಲೇಬಲ್ ಇಲ್ಲ ಅಥವಾ ತಪ್ಪಾಗಿದೆ. ಹೊರಗಿನದಾದರೆ ಝೋನೇ ನಿಷ್ಕ್ರಿಯವಾಗಿದೆ, ಪ್ರಶ್ನೆ ಇಂಟರ್‌ನೆಟ್‌ಗೆ ಹೋಗಿ ಅಲ್ಲಿಂದ 'ಇಲ್ಲ' ಎನ್ನಿಸಿಕೊಂಡು ಬಂದಿದೆ.

ಹಜಾರ, ಅಟ್ಟ, ಅಡುಗೆಮನೆ, ಗೇಟ್‌ವೇ ನಾಲ್ಕೂ ಕನ್ಸೋಲ್‌ನಲ್ಲಿ ಪಾಸು. ಫೋನ್‌ನಲ್ಲಿ ಮೂರು ಮಾತ್ರ ತೆರೆದವು.

ಸಿಕ್ಕಿಬಿದ್ದದ್ದು ಗೇಟ್‌ವೇ

ಕಣ್ಣಿಗೆ ಕಾಣದ ಒಂದು ಅಕ್ಷರ ಇಲ್ಲಿದೆ. 'ಗೇಟ್‌ವೇ' ಎಂದು ಬಿಡಿಸಿ ಬರೆಯಲು ಹಲಂತದ ನಂತರ ಝೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ಯೂನಿಕೋಡ್ 200ಸಿ, ಬೇಕು. ಅದಿಲ್ಲದಿದ್ದರೆ ವ ಒತ್ತಾಗಿ 'ಗೇಟ್ವೇ' ಆಗುತ್ತದೆ. ಓದುವವರಿಗೆ ಎರಡೂ ಒಂದೇ ಮಾತು. ಡಿಎನ್‌ಎಸ್‌ಗೆ ಎರಡು ಬೇರೆ ಲೇಬಲ್‌ಗಳು:

ಜಾಯ್ನರ್ ಇಲ್ಲದ್ದು: ಎಕ್ಸ್ ಎನ್ - - ಪಿ ಎಸ್ ಸಿ ಕ್ಯೂ 0 ಇ 6 ಸಿ ಸಿ 8 ಎ
ಜಾಯ್ನರ್ ಇರುವುದು: ಎಕ್ಸ್ ಎನ್ - - ಪಿ ಎಸ್ ಸಿ ಕ್ಯೂ 0 ಇ 6 ಸಿ ಸಿ 8 ಎ ಝಡ್ 6 8 ಝಡ್

ಬಾಲದ ನಾಲ್ಕು ಅಕ್ಷರಗಳಷ್ಟೇ ವ್ಯತ್ಯಾಸ. ಪ್ಯೂನಿಕೋಡ್ ಅಕ್ಷರಗಳನ್ನು ಕೋಡ್ ಸಂಖ್ಯೆಯ ಏರಿಕೆಯ ಕ್ರಮದಲ್ಲಿ ಸೇರಿಸುತ್ತಾ ಹೋಗುತ್ತದೆ. 200ಸಿ ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡ ಸಂಖ್ಯೆ, ಹಾಗಾಗಿ ಪದದ ನಡುವೆ ಇದ್ದರೂ ಅದರ ಗುರುತು ಕೊನೆಯಲ್ಲೇ ಬೀಳುತ್ತದೆ. ಲಾಗ್‌ನಲ್ಲಿ ಪತ್ತೆ ಹಚ್ಚಲು ಇದು ಒಳ್ಳೆಯ ಕುರುಹು.

ಝೋನ್‌ಗೆ ಹಾಕಿದ ಲೇಬಲ್ ಪೈಥಾನ್‌ನ ಒಳಗೇ ಬರುವ 'ಐಡಿಎನ್‌ಎ' ಕೋಡೆಕ್‌ನಿಂದ ತೆಗೆದದ್ದು. ಅದು ಇತರ ಲಿಪಿಗಳ ಹೆಸರುಗಳಿಗಿರುವ ಐಡಿಎನ್‌ಎ ನಿಯಮದ 2003ರ ಆವೃತ್ತಿಯದು, ಜಾಯ್ನರ್‌ಗಳನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. 2008ರ ನಿಯಮದಲ್ಲಿ ಹಲಂತದ ನಂತರದ ನಾನ್ ಜಾಯ್ನರ್‌ಗೆ ಅನುಮತಿ ಇದೆ, ಅದು ಉಳಿಯುತ್ತದೆ. ಕ್ರೋಮ್ 2023ರಲ್ಲಿ, 110ನೇ ಆವೃತ್ತಿಯಿಂದ, ಹೀಗೆ ಉಳಿಸಿಕೊಳ್ಳುವ ಕ್ರಮಕ್ಕೆ ಬದಲಾಯಿತು. ಸರ್ವರ್‌ನಲ್ಲಿ ಒಂದು ರೂಪ, ಫೋನ್ ಕೇಳಿದ್ದು ಇನ್ನೊಂದು. ಕನ್ಸೋಲ್‌ಗೆ ಕೊಟ್ಟದ್ದೂ ಮೊದಲ ರೂಪವೇ ಆದ್ದರಿಂದ ಅಲ್ಲಿ ಎಲ್ಲವೂ ಸರಿ ಕಂಡಿತು. ವೆಬ್ ಕನ್ಸೋಲ್ ಸರ್ವರ್‌ನ ಉತ್ತರವನ್ನು ಮಾತ್ರ ಪರೀಕ್ಷಿಸುತ್ತದೆ, ಕೇಳುವವರು ಏನು ಕೇಳುತ್ತಾರೆ ಎಂಬುದನ್ನಲ್ಲ. ಅದಕ್ಕೆ ಕ್ವೆರಿ ಲಾಗ್ಸ್ ಆ್ಯಪ್ ಹಾಕಿ, ಫೋನ್‌ನಿಂದ ನಿಜವಾಗಿ ಬಂದ ಲೇಬಲ್ ನೋಡಬೇಕು.

ಪರಿಹಾರ: ಜಾಯ್ನರ್ ಇಲ್ಲದ ರೂಪಕ್ಕೆ ಎ ರೆಕಾರ್ಡ್, ಇರುವ ರೂಪದಿಂದ ಅದಕ್ಕೆ ಸಿನೇಮ್ (ಒಂದು ಹೆಸರನ್ನು ಇನ್ನೊಂದಕ್ಕೆ ತೋರಿಸುವ ರೆಕಾರ್ಡ್). ಪುಟಗಳನ್ನು ಕೊಡುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಸರ್ವರ್ ನೇಮ್ ಸಾಲಿನಲ್ಲೂ ಎರಡೂ ಪ್ಯೂನಿಕೋಡ್ ರೂಪಗಳು ಬೇಕು. ಇಲ್ಲವಾದರೆ ಹೆಸರು ಸಿಗುತ್ತದೆ, ಪುಟ ಮಾತ್ರ ಡೀಫಾಲ್ಟ್ ಸೈಟ್‌ದು ಬರುತ್ತದೆ.

'ರ‍್ಯಾಕ್' ಕೈಬಿಟ್ಟದ್ದು

ಸರ್ವರ್ ರ‍್ಯಾಕ್‌ನ ಪವರ್ ಸ್ಟ್ರಿಪ್‌ಗೂ ಹೆಸರಿಡುವ ಯೋಜನೆಯಿತ್ತು. ಆಗಲಿಲ್ಲ. ಅರ್ಕಾವೊತ್ತು ಬಾರದಂತೆ 'ರ‍್ಯಾ' ಬರೆಯಲು ರ ಆದಮೇಲೆ, ಹಲಂತಕ್ಕೆ ಮುಂಚೆ, ಝೀರೋ ವಿಡ್ತ್ ಜಾಯ್ನರ್ ಬರುತ್ತದೆ. ಜಾಯ್ನರ್‌ನ ಹಿಂದೆ ಹಲಂತವೇ ಇರಬೇಕು ಎಂಬುದು 2008ರ ನಿಯಮ. ಇಲ್ಲಿ ಹಿಂದಿರುವುದು ರ, ಆದ್ದರಿಂದ ನಿಯಮ ಪಾಲಿಸುವ ಲೈಬ್ರರಿ ಇಂಥ ಲೇಬಲ್ಲನ್ನು ತಿರಸ್ಕರಿಸುತ್ತದೆ. ಹಳೆಯ ನಿಯಮದಲ್ಲಿ ಜಾಯ್ನರ್ ಉದುರಿ 'ರ್ಯಾಕ್' ಆಗುತ್ತದೆ. ಕನ್ನಡ ಬರೆಯುವ ಕ್ರಮವನ್ನು ನೋಡಿ ಮಾಡಿದ ನಿಯಮವೇನಲ್ಲ ಅದು. ಸಾಧನಕ್ಕೆ 'ಬೀರು' ಎಂದು ಹೆಸರಿಟ್ಟಾಯಿತು.

ಟರ್ಮಿನಲ್‌ನಲ್ಲಿ ಎಡವಿದ ಎರಡು ಕಡೆ

ಡಿಎನ್‌ಎಸ್ ಪ್ರಶ್ನೆ ಕೇಳುವ ಆಜ್ಞೆ ಡಿಗ್‌ಗೆ ಕನ್ನಡ ಹೆಸರು ಕೊಟ್ಟರೆ ಪರದೆಯ ಮೇಲೆ ಸರಿಯಾದ ಉತ್ತರ, ಅದೇ ಆಜ್ಞೆಯನ್ನು ಸಾಲು ಹುಡುಕುವ ಗ್ರೆಪ್‌ಗೆ ಪೈಪ್ ಮಾಡಿದರೆ ಎನ್‌ಎಕ್ಸ್ ಡೊಮೇನ್. ಔಟ್‌ಪುಟ್ ಟರ್ಮಿನಲ್‌ಗೆ ಹೋಗದಿದ್ದಾಗ ಡಿಗ್ ಪರಿವರ್ತನೆಯನ್ನು ತಾನಾಗಿ ನಿಲ್ಲಿಸುತ್ತದೆ. ಗ ಅಕ್ಷರ ಆಗ \224\178\151 ಎಂಬ ಕಚ್ಚಾ ಬೈಟ್‌ಗಳಾಗಿ ಕಾಣುತ್ತದೆ. ಸ್ಕ್ರಿಪ್ಟ್‌ಗಳಲ್ಲಿ ಪ್ಯೂನಿಕೋಡ್ ರೂಪವನ್ನೇ ಬಳಸಿ.

ಇನ್ನೊಂದು ನೆಗೆಟಿವ್ ಕ್ಯಾಶ್. ರೆಕಾರ್ಡ್ ಸೇರಿಸಿದ ಮೇಲೂ ಲ್ಯಾಪ್‌ಟಾಪ್ 'ಇಲ್ಲ' ಎನ್ನುತ್ತಿದ್ದರೆ ಅದು ಹಳೆಯ 'ಇಲ್ಲ'ವನ್ನು ನೆನಪಿಟ್ಟುಕೊಂಡಿದೆ. ಎಷ್ಟು ಹೊತ್ತು ಎಂಬುದನ್ನು ಎಸ್‌ಒಎ ರೆಕಾರ್ಡ್‌ನ ಟಿಟಿಎಲ್ (ನೆನಪಿಡುವ ಅವಧಿ) ಮತ್ತು ಅದರ ಮಿನಿಮಮ್ ಇವೆರಡರಲ್ಲಿ ಚಿಕ್ಕದು ನಿರ್ಧರಿಸುತ್ತದೆ. ಪರೀಕ್ಷೆ ಮುಗಿಯುವವರೆಗೆ ಮಿನಿಮಮ್ 60 ಸೆಕೆಂಡ್, ಆಮೇಲೆ 900 ಇಟ್ಟರೆ ಸಾಕು. ರೂಟರ್‌ನ ಡಿಎಚ್‌ಸಿಪಿಯಲ್ಲಿ (ಸಾಧನಗಳಿಗೆ ವಿಳಾಸ ಹಂಚುವ ಭಾಗ) ಎರಡನೇ ಡಿಎನ್‌ಎಸ್ ಎಂದು ಗೂಗಲ್‌ನ 8.8.8.8 ಕೊಡಲೇಬೇಡಿ. ಕ್ಲೈಂಟ್‌ಗಳು ಮನಸ್ಸು ಬಂದಾಗ ಅದನ್ನು ಕೇಳುತ್ತವೆ, ಅಲ್ಲಿ 'ಅಟ್ಟ' ಇರುವುದಿಲ್ಲ. ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಹೊರಗಿನ ಸರ್ವರ್ ಹೆಸರು ತುಂಬಿದ್ದರೂ ಇದೇ ಗತಿ.

ಅಂಕಿಗಳ ವಿಷಯವೂ ಒಂದು ಮಾತು: 'ಕೋಣೆ೨' ಮತ್ತು 'ಕೋಣೆ2' ಬೇರೆ ಬೇರೆ ಲೇಬಲ್‌ಗಳು, ಯಾವ ನಿಯಮವೂ ಅವನ್ನು ಒಂದು ಮಾಡುವುದಿಲ್ಲ. ಈ ಝೋನ್‌ನಲ್ಲಿ ಅಂಕಿ ಇಲ್ಲದ ಹೆಸರುಗಳೇ.

ಬಾಕಿ ಇರುವುದು ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್. ಹೋಮ್.ಆರ್ಪಾ ಹೆಸರಿಗೆ ಸಾರ್ವಜನಿಕ ಸಿಎಗಳು (ಸರ್ಟಿಫಿಕೇಟ್ ನೀಡುವ ಸಂಸ್ಥೆಗಳು) ಕೊಡುವಂತಿಲ್ಲ, ನಮ್ಮದೇ ಸಿಎ ಬೇಕು. ಸರ್ಟಿಫಿಕೇಟ್‌ನಲ್ಲಿ ಗೇಟ್‌ವೇಯ ಎರಡೂ ಪ್ಯೂನಿಕೋಡ್ ರೂಪಗಳನ್ನು ಹೆಸರಿಸಬೇಕು.