ಈ ಟೆಸ್ಟ್ ಯಾಕೆ ಬರೆದಿರಿ?

ಅಮೆರಿಕದ ಆಸ್ಪತ್ರೆಗಳಲ್ಲಿ ವಾರ್ಡಿನ ರೋಗಿಗಳ ರಕ್ತ ತೆಗೆಯೋದು ಸಾಮಾನ್ಯವಾಗಿ ಬೆಳಗಿನ ಜಾವ. ರೌಂಡ್ಸ್ ಶುರುವಾಗುವ ಹೊತ್ತಿಗೆ ರಿಪೋರ್ಟ್ ಸಿಗಬೇಕಲ್ವಾ, ಅದಕ್ಕೆ. ನಾನು ರೆಸಿಡೆಂಟ್‌ಗಳಿಗೆ, ಅಂದರೆ ನಮ್ಮ ಕಡೆ ಎಂಬಿಬಿಎಸ್ ಮುಗಿಸಿ ಪಿಜಿ ಓದುವ ಡಾಕ್ಟರುಗಳಂಥವರಿಗೆ, ಪಾಠ ಹೇಳುವುದು ಈ ರೌಂಡ್ಸ್‌ನಲ್ಲೇ.

ನ್ಯುಮೋನಿಯಾ ಆಗಿ ಸೇರಿದ್ದ ಒಬ್ಬ ಅಜ್ಜಿ. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ, ರಿಪೋರ್ಟ್‌ಗಳೆಲ್ಲ ಸರಿಯಾಗಿವೆ. ಆದರೂ ಇವತ್ತು ಮತ್ತೆ ಸಿಬಿಸಿ (ರಕ್ತಕಣಗಳ ಎಣಿಕೆ), ಮತ್ತೆ ಎಲೆಕ್ಟ್ರೋಲೈಟ್ಸ್ (ರಕ್ತದಲ್ಲಿನ ಲವಣಗಳ ಪರೀಕ್ಷೆ). ಸೇರಿಸಿಕೊಂಡ ದಿನ ಕಂಪ್ಯೂಟರಿನಲ್ಲಿ 'ಪ್ರತಿದಿನ' ಅಂತ ಟಿಕ್ ಮಾಡಿದ್ದನ್ನು ಯಾರೂ ತೆಗೆದಿಲ್ಲ. ಅಜ್ಜಿಯ ಕೈಯೆಲ್ಲ ಚುಚ್ಚಿ ಚುಚ್ಚಿ ನೀಲಿಗಟ್ಟಿದೆ. "ನಾಳೆ ರಿಪೋರ್ಟ್ ಏನು ಬಂದರೆ ನಿಮ್ಮ ಚಿಕಿತ್ಸೆ ಬದಲಾಗುತ್ತೆ?" ಅಂತ ರೆಸಿಡೆಂಟ್‌ಗಳನ್ನು ಕೇಳಿದೆ. ಯಾರೂ ಮಾತಾಡಲಿಲ್ಲ. ಆರ್ಡರ್ ಅಲ್ಲೇ ರದ್ದಾಯಿತು. ದುಡ್ಡಿನ ಮಾತು ಹಾಗಿರಲಿ, ದಿನಾ ರಕ್ತ ತೆಗೆದರೆ ವಯಸ್ಸಾದವರಿಗೆ ರಕ್ತಹೀನತೆಯೇ ಬರಬಹುದು.

2012ರಲ್ಲಿ ಇಲ್ಲಿ 'ಚೂಸಿಂಗ್ ವೈಸ್ಲಿ' ಅನ್ನೋ ಅಭಿಯಾನ ಶುರುವಾಯಿತು. ತಮ್ಮ ವಿಭಾಗದಲ್ಲಿ ಬೇಡದ ಪರೀಕ್ಷೆ ಯಾವುದು ಅಂತ ವೈದ್ಯರ ಸಂಘಗಳೇ ಪಟ್ಟಿ ಕೊಟ್ಟವು. ಸ್ಥಿರವಾಗಿರುವ ರೋಗಿಗೆ ಸುಮ್ನೆ ಪದೇ ಪದೇ ರಕ್ತಪರೀಕ್ಷೆ ಬೇಡ ಅನ್ನೋದೂ ಅದರಲ್ಲಿದೆ.

ಕಷ್ಟ ಏನಂದರೆ, ಟೆಸ್ಟ್ ಬರೆಯುವವರಿಗೇ ಅದರ ಬೆಲೆ ಗೊತ್ತಿರುವುದಿಲ್ಲ. ಬಿಲ್ ರೋಗಿಯ ಮನೆಗೆ ಹೋಗುವುದು ಎಷ್ಟೋ ದಿನದ ಮೇಲೆ. ಒಂದೇ ಟೆಸ್ಟಿಗೆ ಒಂದೊಂದು ಇನ್ಶೂರೆನ್ಸ್‌ಗೆ ಒಂದೊಂದು ದರ. ಆಸ್ಪತ್ರೆಗಳು ದರಗಳನ್ನು ಬಹಿರಂಗ ಮಾಡಬೇಕು ಅನ್ನೋ ನಿಯಮ 2021ರಿಂದ ಇದೆ, ಆದರೆ ಆ ಪಟ್ಟಿ ಬಿಡಿಸಿಕೊಂಡು ಓದುವುದೇ ದೊಡ್ಡ ಕೆಲಸ. ನಮ್ಮೂರಲ್ಲಿ ಹಾಗಲ್ಲ. ಸ್ಕ್ಯಾನ್ ಬರೆದ ತಕ್ಷಣ "ಎಷ್ಟಾಗುತ್ತೆ ಡಾಕ್ಟ್ರೇ?" ಅಂತ ಮನೆಯವರು ಎದುರಿಗೇ ಕೇಳುತ್ತಾರೆ. ಬಿಪಿಎಲ್ ಕಾರ್ಡ್ ಇದೆಯಾ ಅಂತ ನಾವೂ ಕೇಳುತ್ತಿದ್ದೆವು. ಆದರೆ ಅಲ್ಲಿ ದುಡ್ಡಿಲ್ಲದೆ ಬೇಕಾದ ಟೆಸ್ಟೇ ತಪ್ಪಿಹೋಗುವುದನ್ನೂ ನೋಡಿದ್ದೇನೆ. ಅದಕ್ಕೇ ರೆಸಿಡೆಂಟ್‌ಗಳಿಗೆ ಹೇಳುತ್ತೇನೆ: ಇದೇ ಅಜ್ಜಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಬೇಕಾದ ಸಿಟಿ ಸ್ಕ್ಯಾನಿಗೆ ಖರ್ಚಿನ ಮುಖ ನೋಡಬೇಡಿ.

ನನಗೆ ಜಾಸ್ತಿ ಚಿಂತೆ ಡಿಸ್ಚಾರ್ಜ್ ದಿನದ್ದು. ರಕ್ತ ಹೆಪ್ಪುಗಟ್ಟದಿರಲು ಹೊಸ ಮಾತ್ರೆ ಬರೆದು ಕಳಿಸುತ್ತೇವೆ. ಔಷಧಿ ಅಂಗಡಿಯಲ್ಲಿ ಬೆಲೆ ಕೇಳಿ ರೋಗಿ ಬರಿಗೈಲಿ ಮನೆಗೆ ಹೋಗುತ್ತಾರೆ. ಆಮೇಲೆ ಸ್ಟ್ರೋಕ್ ಆಗಿ ವಾಪಸ್ ಬಂದರೆ? ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇರುವ ಹಿರಿಯರು ಇನ್ಸುಲಿನ್‌ಗೆ ಕೈಯಿಂದ ಕೊಡುವುದು ತಿಂಗಳಿಗೆ 35 ಡಾಲರ್ ದಾಟಬಾರದು ಅಂತ 2023ರಲ್ಲಿ ಮಿತಿ ಬಂತು. ಎಲ್ಲ ಔಷಧಿಗೂ ಆ ಭಾಗ್ಯ ಇಲ್ಲ.

ಮೊನ್ನೆ ನಮ್ಮ ಇಂಟರ್ನ್ ಹುಡುಗಿ, ಯಾರೂ ಹೇಳದೆ ತಾನೇ ಅಂಗಡಿಗೆ ಫೋನ್ ಮಾಡಿ ರೋಗಿಯ ಕೈಯಿಂದ ಎಷ್ಟು ಹೋಗುತ್ತೆ ಅಂತ ವಿಚಾರಿಸಿದಳು. ಅವರಿಗೆ ಅದು ಆಗುವಂಥದ್ದಾಗಿರಲಿಲ್ಲ. ಫಾರ್ಮಸಿಸ್ಟ್ ಜೊತೆ ಕೂತು ಔಷಧಿ ಬದಲಿಸಿದಳು. ಡಿಸ್ಚಾರ್ಜ್ ಮಧ್ಯಾಹ್ನಕ್ಕೆ ಹೋಯಿತು, ಬೆಡ್ ಬೇಗ ಖಾಲಿ ಮಾಡಿ ಅಂತ ಮೇಲಿಂದ ಫೋನೂ ಬಂತು. ತಡವಾಗಲಿ ಬಿಡಿ ಅಂದೆ.